ಗಾಳಿಗೆ ಗಾಳಿಯೋ, ನೀರೋ?

ಟರ್ಬೊ ಗಾಡಿಯ ಮಾತು ಬಂದರೆ ಎಲ್ಲರೂ ಟರ್ಬೊ ಸುತ್ತಲೇ ಗಿರಕಿ ಹೊಡೆಯುತ್ತಾರೆ. ಪಕ್ಕದಲ್ಲೇ ಸದ್ದಿಲ್ಲದೆ ದುಡಿಯುವ ಇಂಟರ್‌ಕೂಲರನ್ನು ಕೇಳುವವರು ಕಡಿಮೆ. ನನಗೆ ಮಾತ್ರ ಮಮತೆಯೆಲ್ಲ ಅದರ ಮೇಲೇ.

ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. 30 ಡಿಗ್ರಿಯ ಗಾಳಿಯನ್ನು ಒಂದು ಬಾರ್ ಬೂಸ್ಟಿಗೆ ಒತ್ತಿದರೆ ಟರ್ಬೊದಿಂದ ಹೊರಬರುವಾಗ ಸಲೀಸಾಗಿ 120 ಡಿಗ್ರಿ ಮುಟ್ಟಿರುತ್ತದೆ. ಕಾದ ಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ. ಜೊತೆಗೆ ಪೆಟ್ರೋಲ್ ಎಂಜಿನ್ನಿಗೆ ನಾಕಿಂಗ್, ಅಂದರೆ ಇಂಧನ ತಾನಾಗಿಯೇ ಸಿಡಿಯುವ ಕಾಟ. ಅದನ್ನೇ ಇಂಟರ್‌ಕೂಲರ್ 50 ಡಿಗ್ರಿಗೆ ಇಳಿಸಿದರೆ ಅಷ್ಟೇ ಒತ್ತಡದಲ್ಲಿ ಐದನೇ ಒಂದು ಪಾಲು ಹೆಚ್ಚು ಗಾಳಿ ಸಿಲಿಂಡರಿಗೆ ಹೋಗುತ್ತದೆ. ಘಾಟಿ ಹತ್ತಿ ಬಂದ ಕಾರಿನ ಬಾನೆಟ್ ಎತ್ತಿ ನೋಡಿ: ಇಂಟರ್‌ಕೂಲರಿಗೆ ಗಾಳಿ ನುಗ್ಗುವ ತುದಿಯ ಮೇಲೆ ಬೆರಳಿಡಲಾಗದು, ಹೊರಡುವ ತುದಿ ಬರೀ ಬೆಚ್ಚಗಿರುತ್ತದೆ. ಆ ಎರಡು ತುದಿಗಳ ನಡುವೆ ಇರುವುದು ಒಂದೆರಡು ಗೇಣು ಅಲ್ಯೂಮಿನಿಯಂ, ಅಷ್ಟೇ.

ನನ್ನ ಸೋದರಳಿಯನ ಹತ್ತಿರ ಹಳೇ ಆಕ್ಟೇವಿಯಾ ಆರ್‌ಎಸ್ ಇದೆ, 1.8 ಲೀಟರ್ ಟರ್ಬೊ. ಕಂಪನಿ ಕೊಟ್ಟ ಇಂಟರ್‌ಕೂಲರ್ ಚಿಕ್ಕದು, ಬಂಪರಿನ ಮೂಲೆಯಲ್ಲಿ ಚಕ್ರದ ಮುಂದೆ ಕೂತಿದೆ. "ಮಾವ, ದೊಡ್ಡದು ಹಾಕಿಸ್ಬೇಕು. ನೀರಿಂದೇ ಹಾಕಿಸ್ಬಿಡ್ಲಾ?" ಎಂದ. ಬೇಡ ಅಂದೆ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಮಾತು.

ಇಂಟರ್‌ಕೂಲರಿನಲ್ಲಿ ಎರಡು ಬಗೆ: ಗಾಳಿಯಿಂದ ಆರಿಸುವುದು, ನೀರಿನಿಂದ ಆರಿಸುವುದು. ಬಿಸಿ ಕಾಫಿಯನ್ನು ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಆರಿಸಬಹುದು, ಇಲ್ಲವೇ ಲೋಟವನ್ನು ತಣ್ಣೀರಿನ ಬೋಗುಣಿಯಲ್ಲಿ ಇಡಬಹುದು. ಬೋಗುಣಿಯಲ್ಲಿ ಬೇಗ ಆರುತ್ತದೆ, ನಿಜ. ಆದರೆ ನಾಲ್ಕನೇ ಲೋಟದ ಹೊತ್ತಿಗೆ ನೀರೇ ಬಿಸಿಯಾಗಿರುತ್ತದೆ. ಒಂದು ಲೀಟರ್ ನೀರು ಹೀರುವ ಶಾಖ ಅಷ್ಟೇ ಗಾಳಿ ಹೀರುವುದಕ್ಕಿಂತ 3000 ಪಟ್ಟಿಗೂ ಹೆಚ್ಚು; ಹೀಗಾಗಿ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನುಗ್ಗುವ ಊರ ಓಡಾಟಕ್ಕೆ ನೀರು ಹೇಳಿ ಮಾಡಿಸಿದ್ದು. ಆದರೆ ಹೀರಿದ್ದನ್ನು ಅದೂ ಕೊನೆಗೆ ಮುಂದಿನ ಪುಟ್ಟ ರೇಡಿಯೇಟರಿನಲ್ಲಿ ಗಾಳಿಗೇ ಬಿಡಬೇಕು. ಒಮ್ಮೆ ಕಾದರೆ ಆರಲು ಹೊತ್ತು ಹಿಡಿಯುತ್ತದೆ. ಗಾಳಿಯದು ಟ್ರಾಫಿಕ್ಕಿನಲ್ಲಿ ನಿಂತಾಗ ಕಾಯುತ್ತದೆ, ರಸ್ತೆ ಬಿಟ್ಟುಕೊಟ್ಟ ಕೂಡಲೇ ಆರುತ್ತದೆ.

ಈ ತಕರಾರು ಕಾರಿನವರದಷ್ಟೇ ಅಲ್ಲ. ಎರಡನೇ ಮಹಾಯುದ್ಧದ ಪಿ-38 ಲೈಟ್ನಿಂಗ್ ವಿಮಾನದಲ್ಲಿ ಮೊದಲು ರೆಕ್ಕೆಯ ಮುಂಚೂಣಿ ಅಂಚೇ ಇಂಟರ್‌ಕೂಲರ್ ಆಗಿತ್ತು. ಕಾದ ಗಾಳಿ ಅದರೊಳಗೆ ಹಾದು ಬರುತ್ತಿತ್ತು. ಎಷ್ಟು ಚೆಂದದ ಉಪಾಯ! ಆದರೆ ಎಂಜಿನ್ನಿನ ಶಕ್ತಿ ಏರುತ್ತ ಹೋದಂತೆ ರೆಕ್ಕೆಗೆ ತಂಪು ಮಾಡಲು ತಾಕತ್ತು ಸಾಲಲಿಲ್ಲ. ಜೆ ಮಾದರಿಯಲ್ಲಿ ಇಂಟರ್‌ಕೂಲರನ್ನು ಎಂಜಿನ್ನಿನ ಕೆಳಗೆ ತಂದರು, ಖಾಲಿಯಾದ ರೆಕ್ಕೆಯಂಚಿಗೆ ಪೆಟ್ರೋಲ್ ತುಂಬಿದರು. 1942ರ ಸ್ಪಿಟ್‌ಫೈರ್ 9ರ ಮರ್ಲಿನ್ ಎಂಜಿನ್ ಮಾತ್ರ ದ್ರವದ ದಾರಿಯನ್ನೇ ಹಿಡಿದಿತ್ತು. ಅಂದರೆ ಜಾಗ ಎಲ್ಲಿದೆ ಅನ್ನುವುದೇ ಅರ್ಧ ತೀರ್ಮಾನ.

ಈಗಿನ ಕಂಪನಿಗಳು ನೀರಿಗೆ ವಾಲಿರುವುದಕ್ಕೂ ಇದೇ ಕಾರಣ. ಟೈಗುನ್, ಕುಶಾಕ್, ವರ್ಟಸ್, ಸ್ಲಾವಿಯಾಗಳ 1 ಲೀಟರ್ ಟಿಎಸ್‌ಐ ಎಂಜಿನ್ನಿನಲ್ಲಿ ನೀರಿನ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡಿನ ಹೊಟ್ಟೆಯೊಳಗೇ ಇದೆ. ಬಂಪರಿನವರೆಗೆ ಹೋಗಿ ಬರುವ ಉದ್ದನೆಯ ಪೈಪಿಲ್ಲ. ಆಕ್ಸಿಲರೇಟರ್ ಒತ್ತಿದರೆ ತಕ್ಷಣ ಉತ್ತರ. ಬಿಎಂಡಬ್ಲ್ಯು ಕೂಡ ಎನ್55 ಎಂಜಿನ್ನಿನ ಗಾಳಿಯದನ್ನು ಬಿಟ್ಟು ಬಿ58ರಲ್ಲಿ ನೀರಿಗೆ ಬಂತು. ಟೊಯೊಟಾ 1994ರಲ್ಲೇ ಸೆಲಿಕಾ ಜಿಟಿ-ಫೋರ್‌ಗೆ ನೀರಿನದು ಕೊಟ್ಟಿತ್ತು.

ಇವೆಲ್ಲ ಎಂಜಿನ್ ವಿನ್ಯಾಸ ಮಾಡುವಾಗಲೇ ಯೋಚಿಸಿ ಮಾಡಿದವು. ಹಳೇ ಗಾಡಿಗೆ ಆಮೇಲೆ ಕೂರಿಸುವಾಗ ನೀರಿನದಕ್ಕೆ ಪಂಪು, ಇನ್ನೊಂದು ರೇಡಿಯೇಟರ್, ಟ್ಯಾಂಕು, ಹೋಸುಗಳು, ವೈರಿಂಗ್ ಎಲ್ಲ ಬೇಕು. ಗಾಳಿಯದರಲ್ಲಿ ಕೆಡಲು ತಿರುಗುವ ಭಾಗವೇ ಇಲ್ಲ. ಅಳಿಯ ವಾರ ಬಿಡದೆ ಸಕಲೇಶಪುರದ ಕಡೆ ಓಡುವವನು. ಅವನಿಗೆ ಗ್ರಿಲ್ಲಿನ ಹಿಂದೆ ಅಗಲವಾದ ಗಾಳಿ ಇಂಟರ್‌ಕೂಲರೇ ಸರಿ. ತೀರಾ ದಪ್ಪದ್ದೂ ಬೇಡ, ಹಿಂದಿರುವ ರೇಡಿಯೇಟರಿಗೆ ಗಾಳಿ ತಪ್ಪುತ್ತದೆ.

ಕಂಪನಿಯಿಂದಲೇ ನೀರಿನದು ಬಂದಿದ್ದರೆ ಅದನ್ನು ಕಿತ್ತು ಹಾಕಬೇಡಿ, ನೋಡಿಕೊಳ್ಳಿ. ಕೂಲಂಟ್ ಬದಲಿಸಿದ ಮೇಲೆ ಆ ಲೈನಿನ ಗಾಳಿ ಪೂರ್ತಿ ತೆಗೆದಿದ್ದಾರಾ ಎಂದು ಮೆಕ್ಯಾನಿಕ್‌ನನ್ನು ಕೇಳಿ. ಎಲೆಕ್ಟ್ರಿಕ್ ಪಂಪನ್ನು ಓಡಿಸಿ ತೋರಿಸಲು ಹೇಳಿ. ಅದು ನಿಂತರೂ ಎಂಜಿನ್ ಓಡುತ್ತಲೇ ಇರುತ್ತದೆ, ಎಳೆತ ಕುಗ್ಗುತ್ತದೆ. ಪೆಟ್ರೋಲ್ ಸರಿಯಿಲ್ಲವೇನೋ ಅಂದುಕೊಂಡೇ ತಿಂಗಳು ಕಳೆದುಬಿಡುತ್ತದೆ.