ಚಿಕಿತ್ಸೆ ಮುಗಿದ ಅನಂತರ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ಶಾಲೆಯ ನೆನಪುಗಳನ್ನು ಇತರರು ನನಗಿಂತ ಸೊಗಸಾಗಿ ಬರೆದಾರೆಂದು ಎಣಿಸಿ, ನಮ್ಮ ಯಗಟಿಯ ಕಡೆ ಯಾರೂ ಬಾಯಿಬಿಟ್ಟು ಆಡದ ವಿಷಯವೊಂದನ್ನು ಆರಿಸಿಕೊಂಡಿದ್ದೇನೆ.

ಗಂಟಲಿನ ಕ್ಯಾನ್ಸರಿಗಾಗಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಏಳು ವಾರ ವಿಕಿರಣ ಚಿಕಿತ್ಸೆ ಪಡೆದೆ. 1973ರಲ್ಲಿ ಆರಂಭವಾದ ಆ ಸಂಸ್ಥೆಯು ನಾಡಿನ ಎಷ್ಟೋ ಬಡವರಿಗೆ ಆಸರೆಯಾಗಿದೆ. ಆ ದಿನಗಳಲ್ಲಿ ಮನಸ್ಸು ಕುಗ್ಗಿತೆಂದು ಹೇಳಲಾರೆ. ಬೆಳಗಿನ ಪೂಜೆ, ಸರದಿಯ ಸಾಲು, ಯಂತ್ರದ ಕೆಳಗೆ ಕೆಲವು ನಿಮಿಷ. ಇನ್ನೆಷ್ಟು ದಿನ ಉಳಿಯಿತೆಂದು ಎಣಿಸುವುದೂ ಒಂದು ಕಾಯಕವೇ ಆಗಿತ್ತು.

ಕಡೂರಿನಲ್ಲಿ ರೈಲಿಳಿದು ಊರು ಸೇರಿದ ಮೇಲೆ ಆ ಎಣಿಕೆ ನಿಂತಿತು. ‘ಶಿವನ ದಯೆ, ಗೆದ್ದು ಬಂದಿರಿ ಮೇಷ್ಟ್ರೇ’ ಎಂದು ಎಲ್ಲರೂ ಸಂತೋಷಪಟ್ಟರು. ನನಗೋ ತೋಟದ ಕಡೆ ಹೆಜ್ಜೆಯಿಡಲೂ ಮನಸ್ಸಿಲ್ಲ. ಜೊಲ್ಲು ಬತ್ತಿ ಮುದ್ದೆ ಇಳಿಯದು, ಸಾರಿನ ರುಚಿ ತಿಳಿಯದು. ಗಂಟಲು ತುಸು ಚುಚ್ಚಿದರೂ ರೋಗ ಮರಳಿತೆಂಬ ಭೀತಿ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಹಿಡಿದು ಕುಳಿತರೂ ದೃಷ್ಟಿ ನಿಲ್ಲುತ್ತಿರಲಿಲ್ಲ. ಬದುಕಿ ಬಂದವನಿಗೆ ದುಃಖವೇಕೆಂದು ಯಾರಾದರೂ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ತಪಾಸಣೆಗೆ ಹೋದಾಗ ವೈದ್ಯರಿಗೆ ಇದನ್ನು ತಿಳಿಸಿದೆ. ಅವರಿಗೆ ಇದು ಹೊಸದಾಗಿರಲಿಲ್ಲ. ವಿಕಿರಣದ ಆಯಾಸವು ತಿಂಗಳುಗಟ್ಟಲೆ ಉಳಿಯಬಹುದೆಂದೂ, ಕತ್ತಿಗೆ ವಿಕಿರಣ ತಾಗಿದವರಲ್ಲಿ ಥೈರಾಯ್ಡ್ ಗ್ರಂಥಿ ಕುಂದಿ ಅದರಿಂದಲೂ ಮನಸ್ಸು ಮಂಕಾಗಬಹುದೆಂದೂ ಹೇಳಿ, ಮೊದಲು ರಕ್ತಪರೀಕ್ಷೆ ಮಾಡಿಸಿದರು. ಅದರಲ್ಲಿ ದೋಷ ಕಾಣಲಿಲ್ಲ. ಎರಡು ವಾರ ಮೀರಿಯೂ ಯಾವುದರಲ್ಲಿಯೂ ಆಸಕ್ತಿ ಹುಟ್ಟದೆ ನಿದ್ರೆಯೂ ಕೆಟ್ಟಿದ್ದರೆ ಅದು ಖಿನ್ನತೆಯಿರಬಹುದು, ಆಪ್ತಸಮಾಲೋಚನೆಗೂ ಔಷಧಕ್ಕೂ ಮಣಿಯುವ ಕಾಯಿಲೆ ಎಂದರು. ನನ್ನ ಭಕ್ತಿಯ ಕೊರತೆಯಲ್ಲವೆಂದು ತಿಳಿದು ಅರ್ಧ ಭಾರ ಅಲ್ಲಿಯೇ ಇಳಿಯಿತು. ನಿಮ್ಹಾನ್ಸ್ ಅಲ್ಲಿಗೆ ಸಮೀಪವಾದರೂ, ನಮ್ಮೂರಿನಿಂದ ಪದೇ ಪದೇ ಹೋಗಲಾದೀತೆ? 2022ರಲ್ಲಿ ಆರಂಭವಾದ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿದರೆ ಶುಲ್ಕವಿಲ್ಲದೆ ಕನ್ನಡದಲ್ಲಿಯೇ ಮಾತನಾಡುತ್ತಾರೆ.

ದಾನಿಗಳು ಚಿಕಿತ್ಸೆಯ ವೆಚ್ಚಕ್ಕೆ ಧಾರಾಳವಾಗಿ ನೆರವಾಗುತ್ತಾರೆ. ಅನಂತರವೂ ಮೊದಲೆರಡು ವರ್ಷ ಕೆಲವೇ ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ಆ ಪ್ರಯಾಣದ ಖರ್ಚನ್ನು ಕೇಳಲು ವಾಸಿಯಾದವನು ನಾಚುತ್ತಾನೆ. ಇದನ್ನು ಅವರು ಗಮನಿಸಬೇಕೆಂದು ವಿನಂತಿ.

‘ಧೈರ್ಯ ತಂದುಕೊಳ್ಳಿ’ ಎಂದವರಿಂದ ನನಗೆ ಹೆಚ್ಚೇನೂ ಲಾಭವಾಗಲಿಲ್ಲ. ಹಳೆಯ ವಿದ್ಯಾರ್ಥಿಯೊಬ್ಬ ಮಾತ್ರ ಪ್ರತಿ ಸಂಜೆ ಬಂದು, ಹೇಗಿದ್ದೀರೆಂದು ಕೇಳದೆ, ತೆಂಗಿನ ನುಸಿಪೀಡೆಯ ಸುದ್ದಿ ಹೇಳುತ್ತ ತೋಟದ ಬದುವಿನ ತನಕ ನಡೆಸಿಕೊಂಡು ಹೋಗುತ್ತಿದ್ದ. ಐದನೆಯ ತಿಂಗಳಲ್ಲಿ ಸಾರಿನ ಹುಳಿ ನಾಲಗೆಗೆ ತಿಳಿಯಿತು. ಮನಸ್ಸು ಇನ್ನೂ ಸ್ವಲ್ಪ ತಡಮಾಡಿತು.