ಮಗನ ಐವತ್ತು ಬಾಟ್ಲಿಗಳು

ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ನಮ್ಮಂಥ ಅವ್ವಂದಿರ ಪೆಟ್ಟಿಗೆಯಲ್ಲಿ ಏನೇನಿರುತ್ತದೆ ಎಂಬುದು ನಿಮಗೂ ಗೊತ್ತು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಂಟಿನುಂಡಿ, ಕೂಸಿಗೆ ಕುಂಚಿಗೆ, ಸೊಸೆಗೊಂದು ಇಳಕಲ್ಲ ಸೀರೆ. ಇವನ್ನೆಲ್ಲ ಹೊತ್ತು ಮಿನಿಯಾಪೊಲಿಸ್‌ನಲ್ಲಿ ಮಗನ ಮನೆ ಸೇರಿದಾಗ ಅಲ್ಲಿ ಮೊಣಕಾಲುದ್ದ ಹಿಮ. ಮೂರನೆಯ ದಿನ ಕೂಸಿನ ಬಟ್ಟೆ ಹಿಡಿದುಕೊಂಡು, ಒಗೆಯುವ ಯಂತ್ರ ಹುಡುಕುತ್ತ ನೆಲಮಾಳಿಗೆಗೆ ಇಳಿದೆ. ಗೋಡೆಗುಂಟ ಕಂದು ಬಣ್ಣದ ಬಾಟ್ಲಿಗಳು ಸಾಲಾಗಿ ನಿಂತಿದ್ದವು. ಎಣಿಸಿದೆ. ಐವತ್ತು.

"ಏನೋ ಇವು?"

"ಬಿಯರ್ ಅವ್ವಾ. ನಾನ ಮಾಡೀನಿ."

ಅಂಗಡಿಯಿಂದ ತಂದಿದ್ದರೆ ಇಷ್ಟು ಎದೆ ಒಡೆಯುತ್ತಿರಲಿಲ್ಲವೇನೋ. ಮನೆಯಲ್ಲೇ ಕುದಿಸಿದ್ದಾನೆ! ನಮ್ಮಲ್ಲಿ ಲೈಸೆನ್ಸಿಲ್ಲದೆ ಹೀಗೆ ಮಾಡಿದರೆ ಅಬಕಾರಿಯವರು ಹಿಡಿದೊಯ್ಯುತ್ತಾರೆ. "ಇಲ್ಲೆ ಕಾಯ್ದೆ ಒಪ್ಪತೈತಿ, 1978ರಾಗ ಬದಲು ಮಾಡ್ಯಾರ. ಇಬ್ಬರು ದೊಡ್ಡವರಿದ್ದ ಮನಿಗೆ ವರ್ಷಕ್ಕ ಇನ್ನೂರು ಗ್ಯಾಲನ್" ಎಂದ. ಏಳುನೂರೈವತ್ತು ಲೀಟರಿಗಿಂತ ಹೆಚ್ಚಾಯಿತು! ಕಾಯ್ದೆ ಒಪ್ಪಿದ್ದಕ್ಕೆಲ್ಲ ತಾಯಿ ಒಪ್ಪಬೇಕೆಂದಿದೆಯೇ? ಎರಡು ದಿನ ಅವನೊಡನೆ ಮಾತು ಬಿಟ್ಟೆ. ಊಟಕ್ಕೆ ಮಾತ್ರ ಬಡಿಸಿದೆ.

ನನ್ನ ಅಪ್ಪ ಇಳಕಲ್ಲಿನಲ್ಲಿ ನೇಕಾರ. ಮೈ ಹಾಸಿಗೂ ಸೆರಗಿನ ಹಾಸಿಗೂ ಎಳೆಗೆ ಎಳೆ ಸೇರಿಸಿ ಕೊಂಡಿ ಹಾಕುವುದು ಇಳಕಲ್ಲ ಸೀರೆಯ ವಿಶೇಷ. ಟೋಪ ತೆನಿ ಸೆರಗು ಹಾಕುವುದರಲ್ಲಿ ಅವನ ಕೈ ಹಿಡಿಯುವವರಿರಲಿಲ್ಲ. ಆದರೆ ಮಗ್ಗದ ಕುಣಿಯೊಳಗೆ ಕಾಲಿನ ಪಕ್ಕದಲ್ಲಿ ಯಾವಾಗಲೂ ಒಂದು ಬಾಟ್ಲಿ ಇರುತ್ತಿತ್ತು. ಸಾರಾಯಿ. ಸೀರೆ ಇಳಿಸಿ ಮಜೂರಿ ತಂದ ದಿನ ನಮ್ಮ ಅವ್ವ ಬಾಗಿಲಲ್ಲೇ ನಿಂತು ಅವನ ಕಿಸೆಯನ್ನಲ್ಲ, ಕಣ್ಣನ್ನು ನೋಡುತ್ತಿದ್ದಳು. ವರ್ಷಾ ಬನದ ಹುಣ್ಣಿಮೆಗೆ ಬಾದಾಮಿಗೆ ಹೋಗಿ ಬನಶಂಕರಿಗೆ ಹರಕೆ ಹೊರುತ್ತಿದ್ದಳು. ಜಾತ್ರೆಯಿಂದ ಬಂದ ಮೇಲೆ ಒಂದು ತಿಂಗಳು ಅಪ್ಪ ಮುಟ್ಟುತ್ತಿರಲಿಲ್ಲ. ಆ ಒಂದು ತಿಂಗಳು ನಮ್ಮ ಮನೆಯಲ್ಲಿ ಹಬ್ಬ. 1979ರಲ್ಲಿ, ನಾನು ಮೆಟ್ರಿಕ್ ಓದುವಾಗ, ಅವನು ಹೋದ. ಮಗನಿಗೆ ನಾನು "ನಿಮ್ಮಜ್ಜ ಕಾಮಣಿಯಾಗಿ ತೀರಿಕೊಂಡ" ಎಂದಷ್ಟೇ ಹೇಳಿದ್ದೆ. ಸುಳ್ಳಲ್ಲ. ಕಾಮಣಿ ಯಾಕಾಯಿತೆಂದು ಹೇಳಿರಲಿಲ್ಲ.

ಮೂರನೆಯ ದಿನ ಅವನೇ ಒಂದು ಬಾಟ್ಲಿ ಹಿಡಿದುಕೊಂಡು ಅಡಿಗೆಮನೆಗೆ ಬಂದ. ಮುಚ್ಚಳ ತೆಗೆದ. ಸದ್ದಿಲ್ಲ, ನೊರೆಯಿಲ್ಲ. ಎರಡು ತಿಂಗಳು ಇಟ್ಟರೂ ಹೀಗೇ ಸಪ್ಪಗಿದೆಯಂತೆ. ಮುಖ ಸಣ್ಣದಾಗಿತ್ತು. ಸಿಟ್ಟಿನಲ್ಲೂ ಕೇಳದೆ ಇರಲಾಗಲಿಲ್ಲ, ಹೆಂಗ ಮಾಡಿದಿ ಅಂತ.

ಜವೆಗೋಧಿಯನ್ನು ಮೊಳಕೆ ಬರಿಸಿ ಒಣಗಿಸಿರುತ್ತಾರೆ. ಅದನ್ನು ಬಿಸಿನೀರಿನಲ್ಲಿ ನೆನೆಸಿದರೆ ಸಿಹಿ ನೀರು ಇಳಿಯುತ್ತದೆ. ಅದಕ್ಕೆ ಹಾಪ್ಸ್ ಎಂಬ ಬಳ್ಳಿಯ ಕಹಿ ಹೂ ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಬೇಕು. ಯೀಸ್ಟ್ ಸಿಹಿ ತಿಂದು ಅಮಲನ್ನೂ ಗಾಳಿಯನ್ನೂ ಬಿಡುತ್ತದೆ. ಈ ಗಾಳಿ ಹಾರಿಹೋಗುತ್ತದೆ. ಹುದುಗು ಪೂರ್ತಿ ನಿಂತ ಮೇಲೆ ಬಾಟ್ಲಿಗೆ ತುಂಬುವಾಗ ಮತ್ತಿಷ್ಟು ಸಕ್ಕರೆ ಬೆರೆಸಬೇಕು, ಹತ್ತೊಂಬತ್ತು ಲೀಟರಿಗೆ ಸುಮಾರು ನೂರಿಪ್ಪತ್ತು ಗ್ರಾಂ. ಬಿಗಿಯಾಗಿ ಮುಚ್ಚಿದರೆ ಈ ಸಲದ ಗಾಳಿ ಹೊರಗೆ ಹೋಗಲಾರದೆ ಬಿಯರಿನಲ್ಲೇ ಕರಗಿ ಕೂಡುತ್ತದೆ. ನೊರೆ ಬರುವುದು ಅದರಿಂದ. ಇವನು ಮಾಡಿದ್ದು ಬಾರ್ಲಿ ವೈನ್. ಹೆಸರು ವೈನ್, ಜಾತಿ ಬಿಯರೇ, ಅಮಲು ಮಾತ್ರ ಸಾಧಾರಣ ಬಿಯರಿನ ಇಮ್ಮಡಿ, ನೂರಕ್ಕೆ ಹತ್ತು.

"ಇನ್ನಷ್ಟು ಸಕ್ಕರಿ ಹಾಕಿ ನೋಡಲೇನವ್ವಾ?"

"ಹುಚ್ಚ! ಹಾಕಬ್ಯಾಡ" ಎಂದೆ. ಒಮ್ಮೆ ಮುಧೋಳದ ಕಡೆಯಿಂದ ಕಬ್ಬಿನ ಹಾಲು ತಂದು, ಬಿಗಿ ಮುಚ್ಚಳದ ಗಾಜಿನ ಬಾಟ್ಲಿಯಲ್ಲಿಟ್ಟು ಮರೆತಿದ್ದೆ. ನಡುರಾತ್ರಿ ಒಡೆದು ಅಡಿಗೆಮನೆ ತುಂಬ ಗಾಜು. ಹಾಕಿದ ಸಕ್ಕರೆ ಎಲ್ಲಿಗೂ ಹೋಗಿಲ್ಲ, ಒಳಗೇ ಇದೆ. ತಿನ್ನುವವರು ಎದ್ದಿಲ್ಲ, ಅಷ್ಟೆ. ಆ ನೆಲಮಾಳಿಗೆಯಲ್ಲಿ ನನ್ನ ಕಾಲೇ ಮರಗಟ್ಟುತ್ತಿದ್ದವು. ಅಂಬಲಿಗೆಂದು ಜೋಳದ ಹಿಟ್ಟು ಕಲಸಿ ಹುಳಿಬರಲು ಇಟ್ಟವಳಿಗೆ ಇದನ್ನು ಪುಸ್ತಕ ಹೇಳಬೇಕೇ? ಮಾಗಿಯಲ್ಲಿ ಒಲೆಯ ಮಗ್ಗುಲಲ್ಲಿಟ್ಟರೆ ಮಾತ್ರ ಅದು ಹುಳಿಯುವುದು. "ಮ್ಯಾಲ ತಂದು ಬೆಚ್ಚಗಿಡು" ಎಂದೆ.

ಅವನು ಪುಸ್ತಕ ತಿರುವಿ ಇನ್ನೊಂದು ಕಾರಣ ಹುಡುಕಿದ. ಅಮಲು ಇಷ್ಟು ಏರಿದಾಗ, ಅದನ್ನು ಮಾಡಿದ ಯೀಸ್ಟೇ ಅದರಲ್ಲಿ ಸೋತು ಬೀಳುತ್ತದೆಯಂತೆ. ಹೊಸ ಯೀಸ್ಟ್ ಬೇಕು. ತಾನು ಮಾಡಿದ್ದರಲ್ಲಿ ತಾನೇ ಸಾಯುವುದು! ಕೇಳಿ ನನಗೆ ಕೂತಲ್ಲಿಂದ ಏಳಲಾಗಲಿಲ್ಲ.

ಅವತ್ತು ಬನದ ಹುಣ್ಣಿಮೆ. ಅವನು ಒಂದೊಂದೇ ಬಾಟ್ಲಿ ತೆರೆದು ನಾಲ್ಕು ಕಾಳು ಹೊಸ ಯೀಸ್ಟ್ ಉದುರಿಸಿ ಮತ್ತೆ ಮುಚ್ಚಳ ಒತ್ತುತ್ತಿದ್ದ. ನಾನು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಜ್ಜನ ಕತೆ ಹೇಳಿದೆ. ಮಗ್ಗದ ಕುಣಿ, ಮಜೂರಿ, ಅವ್ವನ ಹರಕೆ, ಕೊನೆಗೆ ಹಳದಿಯಾದ ಕಣ್ಣು, ಎಲ್ಲ. ಸೊಸೆ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಮಗನ ಕೈ ನಿಂತಿತು.

"ಮೊದಲ ಯಾಕ ಹೇಳಲಿಲ್ಲವ್ವಾ?"

ಹೇಳಿದರೆ ನೀನು ಅವನಂತಾಗುತ್ತೀ ಎಂಬ ಭಯವೋ, ಅಪ್ಪನ ಮರ್ಯಾದೆಯೋ, ನನಗೇ ತಿಳಿಯದು. "ಈಗ ಹೇಳೀನಲ್ಲ" ಎಂದೆ. ಅವನು ತಿಂಗಳಿಗೆ ಎರಡು ಕುಡಿಯುತ್ತಾನಂತೆ, ಉಳಿದದ್ದು ಸ್ನೇಹಿತರಿಗಂತೆ. ಸೊಸೆಯೂ "ಖರೇನ ಅತ್ತಿ" ಅಂದಳು. ಅಪ್ಪನೂ ಮೊದಲಿಗೆ ಲೆಕ್ಕ ಹೇಳುತ್ತಿದ್ದ ಎಂಬುದು ನಾಲಿಗೆಯ ತುದಿಗೆ ಬಂತು. ನುಂಗಿದೆ.

ಮೂರು ವಾರದ ಮೇಲೆ ಒಂದನ್ನು ತೆರೆದ. ಚುಸ್ ಎಂದಿತು. ಬೆರಳುದ್ದ ನೊರೆ ಎದ್ದಿತು. ಅವನ ಮುಖ ಚಿಕ್ಕಂದಿನಲ್ಲಿ ಗಾಳಿಪಟ ಏರಿಸಿದಾಗ ಇದ್ದಂತೆಯೇ ಇತ್ತು, ನಾನೂ ನಕ್ಕುಬಿಟ್ಟೆ. ಮೂಸಿ ನೋಡಿದೆ. ಸುಟ್ಟ ಬೆಲ್ಲದ ವಾಸನೆ. ಕುಡಿಯಲಿಲ್ಲ.

ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಂತಿತು. ನಮ್ಮ ಓಣಿಯ ಸಾರಾಯಿ ಅಂಗಡಿಯ ಜಾಗದಲ್ಲೇ ಬ್ರಾಂದಿ ಅಂಗಡಿ ಬಂತು. 2019ರ ಜನವರಿಯಲ್ಲಿ ಹೆಣ್ಣುಮಕ್ಕಳು ಮದ್ಯ ಬೇಡವೆಂದು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಹೋದಾಗ, ಕಾಲು ನೋವಿಲ್ಲದಿದ್ದರೆ ನಾನೂ ಹೊರಡುತ್ತಿದ್ದೆ. ಅಂಥವಳು ಮಗನ ಬಿಯರಿಗೆ ನೊರೆ ಬರಿಸಿಕೊಟ್ಟು ಬಂದೆನೆಂದರೆ ಓಣಿಯ ಗೆಳತಿಯರು ನಂಬುವುದಿಲ್ಲ.

ನಾನು ಹೊರಟ ದಿನ ಮತ್ತೆ ಎಣಿಸಿದೆ. ನಲವತ್ತೊಂದಿದ್ದವು. ಈಗ ಪ್ರತಿ ರವಿವಾರ ಫೋನ್ ಬರುತ್ತದೆ. ಕೂಸಿಗೆ ಹಲ್ಲು ಬಂದವೇ, ರೊಟ್ಟಿ ತಿನ್ನುತ್ತದೆಯೇ ಎಂದೆಲ್ಲ ಕೇಳಿ ಮುಗಿದ ಮೇಲೆ "ಎಷ್ಟು ಉಳಿದಾವೋ?" ಎನ್ನುತ್ತೇನೆ. ಅವನು ಕೆಳಗಿಳಿದು ಎಣಿಸಿ ಬಂದು ಹೇಳುತ್ತಾನೆ. ನಾನು ಅದನ್ನು ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲಿ, ಬರೆದುಕೊಳ್ಳುತ್ತೇನೆ. ಹೋದ ವಾರ ಮೂವತ್ತಾರು.