ಸಸ್ಪೆನ್ಸ್ ಅಕೌಂಟು

ಬ್ಯಾಂಕಿನಿಂದ ನಿವೃತ್ತನಾದ ಮೇಲೂ ಡೊಂಬಿವಲಿಯಲ್ಲೇ ಉಳಿದೆ. 2019ರಲ್ಲೊಂದು ದಿನ ಸ್ನಾನ ಮಾಡುವಾಗ ಬಲಗಡೆಯ ವೃಷಣ ದಪ್ಪಗಾದದ್ದು ಕೈಗೆ ತಿಳಿಯಿತು. ನೋವಿರಲಿಲ್ಲ. ಪೈಸೆ ವ್ಯತ್ಯಾಸಕ್ಕೂ ರಾತ್ರಿ ಕೂತು ಲೆಡ್ಜರ್ ತಾಳೆ ನೋಡಿದವನು ಇದನ್ನು ಎರಡು ತಿಂಗಳು ಸಸ್ಪೆನ್ಸ್ ಅಕೌಂಟಿನಲ್ಲಿಟ್ಟೆ! ನಾಚಿಕೆ, ಜೊತೆಗೆ ಮರಾಠಿಯಲ್ಲಿ ಅದಕ್ಕೇನಂತಾರೋ ಗೊತ್ತಿಲ್ಲ. ಕೊನೆಗೆ ಡಾಕ್ಟರ ಮುಂದೆ ಬೆರಳು ತೋರಿಸಿ "ಇಥೆ" ಅಂದೆ.

ಸೋನೋಗ್ರಫಿಯಲ್ಲಿ ಹೈಡ್ರೋಸಿಲ್, ಬರೀ ನೀರು. "ಕ್ಯಾನ್ಸರ್ ಆಗಿದ್ರೆ?" ಎಂದು ಗದರಿದರು. "ಅದು 15ರಿಂದ 40ರೊಳಗಿನವರಿಗೇ ಹೆಚ್ಚು. ಬೇಗ ಸಿಕ್ಕರೆ ಬಹುತೇಕ ಗುಣವಾಗುತ್ತೆ. ಮಗನಿಗೆ ಹೇಳಿ."

ರಾತ್ರಿ ಮೈಸೂರಿಗೆ ಫೋನ್ ಮಾಡಿದೆ. ಬಿಸಿನೀರಿನ ಸ್ನಾನವಾದ ಮೇಲೆ ಒಂದೊಂದನ್ನೇ ಬೆರಳುಗಳ ನಡುವೆ ಮೆಲ್ಲಗೆ ಹೊರಳಿಸಿ ನೋಡು. ಒಂದು ತುಸು ಕೆಳಗಿರೋದು ಸಹಜ, ಹಿಂದಿನ ಮೆತ್ತನೆ ನಾಳ ಗಂಟಲ್ಲ. ಗಟ್ಟಿ ಗಂಟು ಸಿಕ್ಕರೆ ನೋವಿಲ್ಲದಿದ್ರೂ ಡಾಕ್ಟರ ಹತ್ರ ಹೋಗು ಅಂದೆ.

"ಅಪ್ಪಾ, ಪಕ್ಕದಲ್ಲಿ ಅಮ್ಮ ಇಲ್ಲ ತಾನೆ?"

ಇದ್ದಳು. ಫೋನ್ ಕಸಿದುಕೊಂಡು, "ನಾಳೇನೇ ನೋಡ್ಕೋ" ಅಂದಳು.